ಕತ್ತರಿಯಣ್ಣನ ತೋಳುನೋವು ಮತ್ತು ಪೌಡರ್ ಡಬ್ಬಿಯ ಮಾತ್ರೆ

ಕತ್ತರಿಯಣ್ಣನ ಸಲೂನಿನಲ್ಲಿ ಎರಡು ಕುರ್ಚಿ, ಮೂರು ಕನ್ನಡಿ, ಒಂದು ಉದ್ದನೆಯ ಬೆಂಚು. ಕುರ್ಚಿಯಲ್ಲಿ ಕೂತವರಿಗೆ ಕಟಿಂಗು, ಬೆಂಚಿನಲ್ಲಿ ಕೂತವರಿಗೆ ಸುದ್ದಿ. ಯಾರ ಮನೆಯಲ್ಲಿ ಮಾತು ಬಿಟ್ಟಿದ್ದಾರೆ, ಯಾರ ಮಗಳು ಪರೀಕ್ಷೆಯಲ್ಲಿ ಪಾಸಾದಳು, ಯಾರು ತಲೆಗೆ ಬಣ್ಣ ಹಚ್ಚಿಸಿಕೊಂಡು ಹಚ್ಚಿಸಿಕೊಂಡೇ ಇಲ್ಲ ಎಂದು ತಿರುಗುತ್ತಿದ್ದಾರೆ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಕತ್ತರಿಯಣ್ಣನ ಬಾಯಿ ಮತ್ತು ಕತ್ತರಿ ಒಟ್ಟಿಗೇ ಓಡುತ್ತಿದ್ದವು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು.

ಈಚೆಗೆ ಮಾತ್ರ ಬಾಯಿ ಓಡುತ್ತಿತ್ತು, ಕತ್ತರಿ ನಿಂತುಬಿಡುತ್ತಿತ್ತು.

ಆರು ತಿಂಗಳ ಹಿಂದೆ ಅವನ ಬಲಭುಜದಿಂದ ಮೊಣಕೈವರೆಗೆ ಸರ್ಪಸುತ್ತು ಎದ್ದಿತ್ತು. ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು. ಮೂರು ವಾರದಲ್ಲಿ ಗುಳ್ಳೆ ಒಣಗಿ, ಹಕ್ಕಳೆ ಉದುರಿ, ಚರ್ಮ ಸರಿಹೋಯಿತು. ನೋವು ಮಾತ್ರ ಉಳಿದುಕೊಂಡಿತು. ಒಂದು ಹೊತ್ತು ಉರಿ, ಇನ್ನೊಂದು ಹೊತ್ತು ಕರೆಂಟು ಹೊಡೆದ ಹಾಗೆ. ಅಂಗಿಯ ತೋಳು ತಾಗಿದರೂ ಹಲ್ಲು ಕಚ್ಚಬೇಕು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತೇ ಹೊರತು ತೋಳು ಸರಿಹೋಗಲಿಲ್ಲ. ನಿದ್ದೆ ಹತ್ತಿರ ಸುಳಿಯಲಿಲ್ಲ. "ಗುಳ್ಳೆ ಹೋಯ್ತಲ್ಲ, ಇನ್ನೇನು ನೋವು ನಿಂದು?" ಎಂದು ನೋಡಿದವರೆಲ್ಲ ಕೇಳುತ್ತಿದ್ದರು. ಕಣ್ಣಿಗೆ ಕಾಣದ ನೋವನ್ನು ಯಾರಿಗೆ ತೋರಿಸುವುದು?

ಬಲಗೈ ಮೇಲೆತ್ತಬೇಕಾದರೆ ಎಡಗೈಯಿಂದ ಮೊಣಕೈಗೆ ಆಸರೆ ಕೊಡಬೇಕು. ಎರಡೂ ಕೈ ಒಂದೇ ಕೆಲಸಕ್ಕೆ ಹೋದರೆ ಬಾಚಣಿಗೆ ಹಿಡಿಯುವವರು ಯಾರು? ಗಿರಾಕಿಗಳು ಒಬ್ಬೊಬ್ಬರಾಗಿ ದೊಡ್ಡ ರಸ್ತೆಯ ಸಲೂನಿನ ಕಡೆ ಮುಖ ಮಾಡಿದರು.

ಹೆಂಡತಿ ಹಿಂದಿನ ಬೀದಿಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ. ಒಂದು ದಿನ ಅವಳೇ ಹೇಳಿದಳು: "ಇನ್ನೆರಡು ತಿಂಗಳು ನೋಡೋಣ ರೀ. ಆಮೇಲೂ ಹೀಗೇ ಇದ್ರೆ ಬಾಗಿಲು ಹಾಕಿಬಿಡಿ. ನಿಮ್ಮ ಮುಖ ನೋಡೋಕೆ ನನ್ನಿಂದ ಆಗಲ್ಲ."

ಪಕ್ಕದ ಮೊಬೈಲ್ ರಿಪೇರಿಯವನು ಆ ಅಂಗಡಿಯನ್ನು ವಹಿಸಿಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಟೇಪು ತಂದು ಗೋಡೆ ಅಳೆದುಕೊಂಡೂ ಹೋದ. ಅವನು ಅಳೆಯುವಾಗ ಕತ್ತರಿಯಣ್ಣ ಹೊರಗೆ ಬಂದು ನಿಂತ. ಈ ಕುರ್ಚಿ, ಈ ಕನ್ನಡಿ, ಈ ಬೆಂಚು ಬಿಟ್ಟರೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಹೆಂಡತಿಯ ಒತ್ತಾಯಕ್ಕೆ ಅವನು ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಒಂದು ಹತ್ತಿಯ ಉಂಡೆಯನ್ನು ಅವನ ತೋಳಿಗೆ ಮೆತ್ತಗೆ ತಾಗಿಸಿದರು. ಅಷ್ಟಕ್ಕೇ ಅವನು ಕುರ್ಚಿಯಿಂದ ಹಾರಿದ. "ಇದು ನರದ ನೋವು" ಎಂದು ಹೇಳಿ, ಮಾತ್ರೆ ಬರೆದು, ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಐದು ನಿಮಿಷ ಬಿಡಿಸಿ ಹೇಳಿದರು. ಆದರೆ ಡಾಕ್ಟರಮ್ಮನ ಹಿಂದೆ ನಿಂತಿದ್ದ ಸಹಾಯಕನ ಕೂದಲನ್ನು ಯಾರೋ ಹಿಂಭಾಗದಲ್ಲಿ ಅಡ್ಡಾದಿಡ್ಡಿ ಕತ್ತರಿಸಿಬಿಟ್ಟಿದ್ದರು. ಕತ್ತರಿಯಣ್ಣನ ಕಣ್ಣು, ಕಿವಿ, ಜೀವ ಎಲ್ಲವೂ ಆ ತಲೆಯ ಮೇಲೇ ಇತ್ತು. ಹೇಳಿದ್ದಕ್ಕೆಲ್ಲ ಹ್ಞೂಂ ಹ್ಞೂಂ ಎಂದು ತಲೆಯಾಡಿಸಿ ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ಮಾತ್ರೆಯ ಪೆಟ್ಟಿಗೆಯೊಳಗಿನ ಕಾಗದ ಬಿಡಿಸಿ, ಕನ್ನಡಕ ಹಾಕಿಕೊಂಡು ಓದಿದಳು.

"ರೀ, ಇದು ಖಿನ್ನತೆಗೆ ಕೊಡೋ ಮಾತ್ರೆ ಅಂತ ಬರೆದಿದೆ."

"ಖಿನ್ನತೆ ಅಂದ್ರೆ?"

"ಡಿಪ್ರೆಶನ್ನು. ಮನಸ್ಸಿನ ಕಾಯಿಲೆ."

ಕತ್ತರಿಯಣ್ಣ ಎದ್ದು ನಿಂತ. "ನೋವಿರೋದು ತೋಳಲ್ಲಿ, ಔಷಧಿ ಕೊಟ್ಟಿರೋದು ತಲೆಗೆ! ಅಂದ್ರೆ ನಾನು ಸುಳ್ಳು ಹೇಳ್ತಿದೀನಿ ಅಂತ ತಾನೇ? ಎಲ್ಲಾ ನಿನ್ನ ಮನಸ್ಸಲ್ಲೇ ಇದೆ, ಹೋಗು ಅಂತ ತಾನೇ?"

"ಕೂಗಾಡಬೇಡಿ. ಹೋಗಿ ಇನ್ನೊಂದ್ಸಲ ಕೇಳ್ಕೊಂಡು ಬನ್ನಿ."

"ಕೇಳೋದೇನು? ಜನರ ಗಂಟಲ ಹತ್ತಿರ ರೇಜರ್ ಆಡಿಸೋನು ನಾನು. ಇವನಿಗೆ ತಲೆ ಕೆಟ್ಟಿದೆಯಂತೆ ಅಂತ ಒಬ್ಬ ಅಂದ್ರೆ ಸಾಕು, ಊರಿಗೆ ಊರೇ ಗಡ್ಡ ಬಿಟ್ಕೊಂಡು ಓಡಾಡುತ್ತೆ!"

ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹೋದ ವರ್ಷ ಯಾರೋ ಮನಸ್ಸಿನ ಡಾಕ್ಟರ ಹತ್ತಿರ ಹೋದರೆಂದು ಕೇಳಿ, ಅದಕ್ಕೆ ಉಪ್ಪು ಖಾರ ಹಚ್ಚಿ ಬೆಂಚಿನವರನ್ನೆಲ್ಲ ನಗಿಸಿದವನು ಇವನೇ. ಸುದ್ದಿ ಎಷ್ಟು ಬೇಗ ಓಡುತ್ತದೆ ಎಂಬುದು ಅದನ್ನು ಓಡಿಸುವವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರುತ್ತದೆ?

ಆದರೂ ನೋವು ಬಿಡಬೇಕಲ್ಲ. ಮಾತ್ರೆಯ ಸ್ಟ್ರಿಪ್ಪನ್ನು ಮಡಚಿ, ಸಲೂನಿನಲ್ಲಿದ್ದ ಒಂದು ಖಾಲಿ ಪೌಡರ್ ಡಬ್ಬಿಯೊಳಗೆ ಬಚ್ಚಿಟ್ಟ. ನೋವು ಜೋರಾದಾಗ ಒಂದು ನುಂಗುವುದು, ಇಲ್ಲವಾದರೆ ಇಲ್ಲ. ಮೊದಲ ದಿನ ಬೆಳಿಗ್ಗೆ ಹನ್ನೊಂದಕ್ಕೆ ತೋಳು ಚುರುಗುಟ್ಟಿತು, ನುಂಗಿದ. ಸ್ವಲ್ಪ ಹೊತ್ತಿಗೆ ಬ್ಯಾಂಕಿನ ಗುಮಾಸ್ತರು ಬಂದು ಕುರ್ಚಿಯಲ್ಲಿ ಕೂತರು. ಅವರ ತಲೆ ಅರ್ಧ ಮುಗಿಯುವಷ್ಟರಲ್ಲಿ ಕತ್ತರಿಯಣ್ಣನ ರೆಪ್ಪೆ ಭಾರವಾಗಿ, ನಿಂತಲ್ಲೇ ಒಂದು ಜೋಂಪು ಹತ್ತಿತು. ಪುಣ್ಯಕ್ಕೆ ಕೈಯಲ್ಲಿದ್ದದ್ದು ರೇಜರ್ ಅಲ್ಲ, ಟ್ರಿಮ್ಮರ್. ಬೆಚ್ಚಿ ಕಣ್ಣು ಬಿಟ್ಟಾಗ ಗುಮಾಸ್ತರ ಎಡಗೆನ್ನೆಯ ಕೃದಾ ಇದ್ದಲ್ಲೇ ಇತ್ತು, ಬಲಗಡೆಯದು ಕಿವಿಯ ಮೇಲಕ್ಕೆ ಹೋಗಿತ್ತು.

"ಇದೇನಯ್ಯಾ ಇದು?"

"ಈಗ ಎಲ್ಲಾ ಕಡೆ ಇದೇ ನಡೀತಿರೋದು ಸಾರ್" ಎಂದ ಕತ್ತರಿಯಣ್ಣ, ಎದೆ ಡವಡವ ಎನ್ನುತ್ತಿದ್ದರೂ.

ಹೀಗೆ ಮೂರು ದಿನ. ಕುರ್ಚಿಯಲ್ಲಿ ಕೂತವನು ಕಾಲು ಗಂಟೆಯಲ್ಲಿ ಹೊಸ ಮುಖ ಹೊತ್ತು ಏಳುವುದು ಅವನ ಅಂಗಡಿಯ ಪದ್ಧತಿ. ಮೂರು ದಿನವಾದರೂ ಕೆಲಸ ತೋರಿಸದ ಮಾತ್ರೆ ಎಂಥ ಮಾತ್ರೆ? ದಂಡದ್ದು ಎಂದು ಬಿಟ್ಟುಬಿಟ್ಟ.

ಮುಂದಿನ ಭಾನುವಾರ ಬೆಳಿಗ್ಗೆ ಅಂಚೆಯಣ್ಣ ಬಂದ. ಬೀದಿ ಬೀದಿಗೆ ಕಾಗದ ಹಂಚುವ ಮನುಷ್ಯ, ಹತ್ತು ವರ್ಷದಿಂದ ಪ್ರತಿ ಭಾನುವಾರ ಇದೇ ಕುರ್ಚಿ. ಬೆಂಚಿನಲ್ಲಿ ಇನ್ನಿಬ್ಬರು ಪತ್ರಿಕೆ ಹಂಚಿಕೊಂಡು ಓದುತ್ತಿದ್ದರು. ಕತ್ತರಿಯಣ್ಣ ಹೇಗೋ ಹಲ್ಲು ಕಚ್ಚಿಕೊಂಡು ಶೇವಿಂಗ್ ಮುಗಿಸಿದ. ಬಲಗೈ ಆಗಲೇ ಸೋತಿತ್ತು. ಕುತ್ತಿಗೆಗೆ ಪೌಡರ್ ಹಾಕಲು ಎಡಗೈ ಚಾಚಿ, ನೋಡದೆ ಒಂದು ಡಬ್ಬಿ ಎತ್ತಿ, ಮುಚ್ಚಳ ತೆಗೆದು ಕೊಡವಿದ. ಪೌಡರ್ ಬೀಳಲಿಲ್ಲ. ಅಂಚೆಯಣ್ಣನ ಮಡಿಲಿಗೆ ಮಾತ್ರೆಯ ಸ್ಟ್ರಿಪ್ಪು ಬಿತ್ತು.

ಅಂಚೆಯಣ್ಣ ಅದನ್ನೆತ್ತಿ ಕಣ್ಣಿನ ಹತ್ತಿರ ಹಿಡಿದು ಓದತೊಡಗಿದ. ಕತ್ತರಿಯಣ್ಣನ ಎದೆ ಧಸಕ್ಕೆಂದಿತು. ಮುಗಿಯಿತು, ಇವತ್ತಿಗೆ ಅಂಗಡಿ ಮುಗಿಯಿತು ಎಂದುಕೊಂಡ.

"ಅರೆ! ಇದು ನನ್ನ ಕಾಲಿನ ಮಾತ್ರೆ ಅಲ್ವಾ? ನಿನ್ನ ಡಬ್ಬೀಲಿ ಹೇಗೆ ಬಂತು?"

"ಕಾ... ಕಾಲಿನ ಮಾತ್ರೆನಾ?"

"ಹ್ಞೂಂ ಕಣಯ್ಯಾ. ನಂಗೆ ಶುಗರ್ ಅಲ್ವಾ, ಅದರಿಂದ ಪಾದ ಬೆಂಕಿ ಮೆಟ್ಟಿದ ಹಾಗೆ ಉರೀತಿತ್ತು. ಒಂದೂವರೆ ವರ್ಷದಿಂದ ಇದನ್ನೇ ತಗೋತಿದೀನಿ. ಇಲ್ದಿದ್ರೆ ದಿನಾ ಅಷ್ಟು ಮನೆ ಮೆಟ್ಟಿಲು ಹತ್ತೋಕೆ ಆಗ್ತಿತ್ತಾ?"

"ಒಂದೂವರೆ ವರ್ಷ! ಪ್ರತಿ ವಾರ ಇಲ್ಲೇ ಬಂದು ಕೂತ್ಕೋತೀಯ. ನಂಗೆ ಒಂದು ಮಾತು ಹೇಳಲಿಲ್ವಲ್ಲೋ!"

ಅಂಚೆಯಣ್ಣ ಕನ್ನಡಿಯಲ್ಲಿ ಅವನ ಮುಖವನ್ನೇ ನೋಡಿದ. "ನಿಂಗೆ ಹೇಳೋದಾ? ನಾನು ಕಾಗದ ಹಂಚೋಕೆ ಇಡೀ ದಿನ ಬೇಕು. ನೀನು ಮಧ್ಯಾಹ್ನದೊಳಗೆ ಹಂಚಿ ಮುಗಿಸ್ತೀಯ."

ಬೆಂಚಿನವರು ಗೊಳ್ಳೆಂದು ನಕ್ಕರು. ಅಂಚೆಯಣ್ಣನೂ ನಕ್ಕ. ಕತ್ತರಿಯಣ್ಣನಿಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಹತ್ತು ವರ್ಷದ ಗೆಳೆಯ ತನ್ನ ನೋವನ್ನು ಇವನ ಬಾಯಿಗೆ ಹೆದರಿ ಬಚ್ಚಿಟ್ಟಿದ್ದ. ಇನ್ನೆಷ್ಟು ಜನ ಹಾಗೆ ಬಾಯಿ ಮುಚ್ಚಿಕೊಂಡು ಈ ಕುರ್ಚಿಯಲ್ಲಿ ಕೂತು ಎದ್ದು ಹೋಗಿದ್ದಾರೋ ಎನಿಸಿತು.

ಅಂಚೆಯಣ್ಣ ಅಷ್ಟಕ್ಕೇ ಬಿಡಲಿಲ್ಲ. ಹೊರಗೆ ಹೋಗಿ, ಸಲೂನಿನ ಮೇಲಿನ ಮನೆಯ ಕಿಟಕಿಯ ಕಡೆ ತಲೆಯೆತ್ತಿ ಕೂಗಿದ: "ನರ್ಸಕ್ಕಾ, ಸ್ವಲ್ಪ ಕೆಳಗೆ ಬರ್ತೀರಾ? ನಿಮಗೊಬ್ಬ ಮೊಂಡ ರೋಗಿ ಸಿಕ್ಕಿದಾನೆ!"

ನರ್ಸಕ್ಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವರು, ಅವತ್ತು ಅವರಿಗೆ ರಜೆ. ಕೈಯಲ್ಲಿದ್ದ ಟೀ ಲೋಟದ ಸಮೇತ ಇಳಿದು ಬಂದರು. ಅದೇ ಹೊತ್ತಿಗೆ ಲಾಂಡ್ರಿಯಿಂದ ಒಗೆದ ಟವೆಲುಗಳ ಗಂಟು ಹೊತ್ತು ಹೆಂಡತಿಯೂ ಬಂದಳು. ಕತ್ತರಿಯಣ್ಣ ತನ್ನ ಅಂಗಡಿಯ ಕುರ್ಚಿಯಲ್ಲಿ ತಾನೇ ಕೂರಬೇಕಾಯಿತು.

ಎಲ್ಲ ಕೇಳಿ, ಹೆಂಡತಿಯ ಪರ್ಸಿನಲ್ಲಿದ್ದ ಡಾಕ್ಟರಮ್ಮನ ಚೀಟಿ ನೋಡಿದ ಮೇಲೆ ನರ್ಸಕ್ಕ ಹೇಳಿದರು: "ಅಣ್ಣಾ, ನಿಮ್ಮ ನೋವು ಸುಳ್ಳು ಅಂತ ಡಾಕ್ಟರಮ್ಮ ಅಂದ್ಕೊಂಡಿಲ್ಲ. ನಿಜ ಅಂತ ಗೊತ್ತಾಗಿದ್ದಕ್ಕೇ ಈ ಮಾತ್ರೆ ಕೊಟ್ಟಿದ್ದು."

"ಮತ್ತೆ ಖಿನ್ನತೆ ಅಂತ ಯಾಕೆ ಬರ್ದಿದೆ?"

"ಮೊದಲು ಅದಕ್ಕೇ ಅಂತ ಬಂದ ಮಾತ್ರೆ ಇದು. ಕೊಡ್ತಾ ಕೊಡ್ತಾ, ಕೆಲವು ಥರದ ನೋವಿಗೂ ಆಗುತ್ತೆ ಅಂತ ಡಾಕ್ಟರುಗಳಿಗೆ ಗೊತ್ತಾಯ್ತು. ಖಿನ್ನತೆ ಇಲ್ದಿರೋರಿಗೂ ನೋವು ಕಡಿಮೆಯಾಗುತ್ತೆ. ನೋವಿಗೆ ಕೊಡುವಾಗ ಸಾಮಾನ್ಯವಾಗಿ ತುಂಬಾ ಸಣ್ಣ ಡೋಸಿಂದ ಶುರು ಮಾಡ್ತಾರೆ."

"ಗುಳ್ಳೆ ವಾಸಿಯಾದ ಮೇಲೂ ನೋವು ಯಾಕಕ್ಕ?" ಎಂದು ಹೆಂಡತಿ ಕೇಳಿದಳು.

"ನಮ್ಮನೆ ಕಾಲಿಂಗ್ ಬೆಲ್ ಒಂದ್ಸಲ ಅಂಟ್ಕೊಂಡಿತ್ತು, ನೆನಪಿದೆಯಾ? ಒತ್ತಿದವರು ಹೋಗಿ ಎಷ್ಟೋ ಹೊತ್ತಾದ್ರೂ ಹೊಡ್ಕೊಳ್ತಾನೇ ಇತ್ತು. ಇವರ ನರಾನೂ ಹಾಗೇ ಆಗಿದೆ. ಅಂಥ ಸದ್ದನ್ನ ತಗ್ಗಿಸೋ ಶಕ್ತಿ ನಮ್ಮ ಮೆದುಳಿಗೆ, ಬೆನ್ನುಹುರಿಗೆ ಇರುತ್ತೆ. ಈ ಮಾತ್ರೆ ಆ ಶಕ್ತಿಗೆ ಬಲ ಕೊಡುತ್ತೆ."

"ಬಲ ಕೊಡಲಿಲ್ವಲ್ಲ! ಮೂರು ದಿನ ತಗೊಂಡೆ" ಎಂದ ಕತ್ತರಿಯಣ್ಣ.

"ಹೇಗೆ ತಗೊಂಡ್ರಿ?"

"ನೋವು ಬಂದಾಗ. ಹನ್ನೊಂದು ಗಂಟೆಗೋ, ಹನ್ನೆರಡಕ್ಕೋ."

ನರ್ಸಕ್ಕ ಟೀ ಲೋಟ ಕೆಳಗಿಟ್ಟರು. "ಅದಕ್ಕೇ ಗುಮಾಸ್ತರು ವಾರದಿಂದ ಟೋಪಿ ಹಾಕ್ಕೊಂಡು ತಿರುಗ್ತಿರೋದು! ಅಣ್ಣಾ, ಇದು ತಲೆನೋವಿಗೆ ನುಂಗೋ ಥರದ ಮಾತ್ರೆ ಅಲ್ಲ. ನೋವಿರಲಿ, ಇಲ್ದಿರಲಿ, ಡಾಕ್ಟರು ಹೇಳಿದ ಹೊತ್ತಿಗೆ ದಿನಾ ತಗೋಬೇಕು. ನಿಮ್ಮ ಚೀಟೀಲಿ ನೋಡಿ, ಮಲಗೋಕೆ ಎರಡು ಗಂಟೆ ಮುಂಚೆ ಅಂತ ಬರೆದಿದಾರೆ. ಕೆಲವರಿಗೆ ಎರಡು ವಾರಕ್ಕೆ ಗೊತ್ತಾಗುತ್ತೆ, ಕೆಲವರಿಗೆ ಆರು ವಾರ ಬೇಕು. ಕೆಲವರಿಗೆ ಆಗಿಬರದೇನೂ ಇರಬಹುದು. ಆಗ ಡಾಕ್ಟರು ಬೇರೆ ದಾರಿ ನೋಡ್ತಾರೆ."

"ಚಟ ಆಗಿಬಿಟ್ರೆ?" ಹೆಂಡತಿಯ ಅನುಮಾನ ಇನ್ನೂ ಇಳಿದಿರಲಿಲ್ಲ.

"ಇದು ಚಟ ಹತ್ತಿಸೋ ಮಾತ್ರೆ ಅಲ್ಲಮ್ಮ. ಆದ್ರೆ ಕೆಲವು ವಾರ ತಗೊಂಡ ಮೇಲೆ ದಿಢೀರಂತ ನಿಲ್ಲಿಸಬಾರದು. ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೊದಮೊದಲು ಮಂಪರು ಇರುತ್ತೆ, ಬಾಯಿ ಒಣಗುತ್ತೆ, ಮಲಬದ್ಧತೆ ಆಗಬಹುದು. ಮಂಪರು ಹೋಗೋವರೆಗೆ ಇವರು ರೇಜರ್ ಮುಟ್ಟೋದು ಬೇಡ, ಗಾಡೀನೂ ಓಡಿಸೋದು ಬೇಡ. ಇದರ ಜೊತೆ ಮದ್ಯ ಅಂತೂ ಬೇಡವೇ ಬೇಡ."

"ಅದೆಲ್ಲ ನನ್ನ ಗಂಡನಿಗೆ ಡಾಕ್ಟರಮ್ಮ ಹೇಳಿರಲಿಲ್ವಾ?"

"ಹೇಳಿರ್ತಾರೆ" ಎಂದ ಕತ್ತರಿಯಣ್ಣ ಸಣ್ಣ ದನಿಯಲ್ಲಿ. "ಅಲ್ಲೊಬ್ಬನ ಕಟಿಂಗ್ ಕೆಟ್ಟುಹೋಗಿತ್ತು."

ಹೆಂಡತಿ ಟವೆಲಿನ ಗಂಟನ್ನು ಅವನ ಮಡಿಲಿಗೆ ದೊಪ್ಪನೆ ಹಾಕಿದಳು. ಅಂಚೆಯಣ್ಣ ನಕ್ಕೂ ನಕ್ಕೂ ಕೆಮ್ಮಿದ.

"ಅಂತೂ ನಂಗೆ ಹುಚ್ಚಿಲ್ಲ ಅಂತಾಯ್ತು" ಎಂದು ಕತ್ತರಿಯಣ್ಣ ನಿಟ್ಟುಸಿರು ಬಿಟ್ಟ.

ನರ್ಸಕ್ಕ ಈ ಮಾತಿಗೆ ನಗಲಿಲ್ಲ. "ಖಿನ್ನತೆಗೆ ಇದೇ ಮಾತ್ರೆ ತಗೊಳೋರಿಗೂ ಹುಚ್ಚಿಲ್ಲ ಅಣ್ಣಾ. ಅದೂ ಒಂದು ಕಾಯಿಲೆ, ಚಿಕಿತ್ಸೆ ಇದೆ. ಅದರಲ್ಲಿ ನಗೋಕೆ ಏನಿದೆ ಹೇಳಿ?"

ಕತ್ತರಿಯಣ್ಣ ಟವೆಲಿನ ಗಂಟನ್ನು ಬದಿಗಿಟ್ಟ. "ತಪ್ಪಾಯ್ತು ಕಣೋ" ಎಂದು ಅಂಚೆಯಣ್ಣನಿಗೆ ಹೇಳಿದ. ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾಳೆಯಿಂದ ನೀವಾಗೇ ಮತ್ತೆ ಶುರು ಮಾಡಬೇಡಿ. ಮೊದಲು ಹೋಗಿ ಡಾಕ್ಟರಮ್ಮನಿಗೆ ನಡೆದದ್ದನ್ನ ನಡೆದ ಹಾಗೇ ಹೇಳಿ" ಎಂದು ನರ್ಸಕ್ಕ ಎದ್ದರು.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಹೋದರು. ಹೃದಯದ ತೊಂದರೆ ಇದೆಯೇ, ಕಣ್ಣಿನ ಒತ್ತಡ ಇದೆಯೇ, ಮೂತ್ರ ಕಟ್ಟುತ್ತದೆಯೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಡಾಕ್ಟರಮ್ಮ ಇನ್ನೊಮ್ಮೆ ಕೇಳಿದರು. ಈ ಸಲ ಕತ್ತರಿಯಣ್ಣ ಅವರ ಮುಖವನ್ನೇ ನೋಡುತ್ತಾ ಉತ್ತರ ಕೊಟ್ಟ. ಎದೆ ಹೊಡೆದುಕೊಂಡರೆ, ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡ ಎನಿಸಿದರೆ ಆ ಕ್ಷಣವೇ ಬರಬೇಕೆಂದು ಅವರು ಹೇಳಿದ್ದನ್ನು ಹೆಂಡತಿ ಚೀಟಿಯ ಹಿಂಭಾಗದಲ್ಲಿ ಬರೆದುಕೊಂಡಳು.

ಮೊದಲ ವಾರ ಸುಲಭವಾಗಿರಲಿಲ್ಲ. ಬೆಳಿಗ್ಗೆ ಏಳುವುದೇ ಕಷ್ಟ, ಅಂಗಡಿ ಹತ್ತಕ್ಕೆ ತೆರೆಯುತ್ತಿತ್ತು, ಶೇವಿಂಗ್ ಇಲ್ಲ ಎಂದು ಬೋರ್ಡು ಹಾಕಿದ. ಬಾಯಿ ಒಣಗಿ ಒಣಗಿ, ಎರಡು ಮಾತಿಗೊಮ್ಮೆ ನೀರು ಕುಡಿಯಬೇಕು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಆ ಅಂಗಡಿಯಲ್ಲಿ ಬೇರೆಯವರಿಗೂ ಮಾತಾಡಲು ಬಿಡುವು ಸಿಕ್ಕಿತು. "ಈ ಮಾತ್ರೆ ಮೊದಲೇ ಕೊಡಬಾರದಿತ್ತಾ?" ಎಂದು ಅಂಚೆಯಣ್ಣ ಕೀಟಲೆ ಮಾಡಿದ.

ಎರಡನೆಯ ವಾರದ ಕೊನೆಗೆ ಒಂದು ರಾತ್ರಿ ಅವನು ಒಮ್ಮೆಯೂ ಏಳದೆ ನಿದ್ದೆ ಮಾಡಿದ. ತೋಳಿನ ಉರಿ ಇನ್ನೂ ಇತ್ತು, ಆದರೆ ನಿದ್ದೆ ಮಾಡಿದ ಮನುಷ್ಯನಿಗೆ ಅದನ್ನು ತಡೆಯುವ ತಾಕತ್ತು ಬಂದಿತ್ತು. ನಾಲ್ಕನೆಯ ವಾರ ಡಾಕ್ಟರಮ್ಮ ಡೋಸು ಸ್ವಲ್ಪ ಏರಿಸಿದರು. ಬೆಳಗಿನ ಮಂಪರು ಅಷ್ಟರಲ್ಲಿ ಕಳೆದಿತ್ತು. ಏಳನೆಯ ವಾರ ಒಂದು ಬೆಳಿಗ್ಗೆ ಹೆಂಡತಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಗಂಡ ತುಂಬುತೋಳಿನ ಅಂಗಿ ಹಾಕಿಕೊಂಡು, ಯಾವುದೋ ಹಾಡು ಗುನುಗುತ್ತಾ ಗುಂಡಿ ಹಾಕಿಕೊಳ್ಳುತ್ತಿದ್ದ.

"ರೀ, ಆ ಅಂಗಿ ತೋಳಿಗೆ ತಾಗ್ತಿಲ್ವಾ?"

ಕತ್ತರಿಯಣ್ಣ ತೋಳನ್ನು ನೋಡಿಕೊಂಡ. "ತಾಗ್ತಿದೆ ಕಣೆ" ಎಂದ. "ತಾಗ್ತಿದೆ, ಅಷ್ಟೇ."

ಇಬ್ಬರಿಗೂ ಸಂತೋಷಕ್ಕೆ ಕಣ್ಣು ತುಂಬಿತು. ನೋವು ಪೂರ್ತಿ ಹೋಗಿರಲಿಲ್ಲ, ಇವತ್ತಿಗೂ ಹೋಗಿಲ್ಲ. ಹತ್ತಕ್ಕೆ ಎಂಟರಷ್ಟಿದ್ದದ್ದು ಮೂರಕ್ಕೆ ಇಳಿದಿತ್ತು. ಬಲಗೈ ಆಸರೆಯಿಲ್ಲದೆ ಮೇಲೇಳುತ್ತಿತ್ತು, ಎಡಗೈ ಬಾಚಣಿಗೆ ಹಿಡಿಯುತ್ತಿತ್ತು. ಕೆಲಸ ಮಾಡುವವನಿಗೆ ಅಷ್ಟು ಸಾಕಾಗಿತ್ತು.

ಅದೇ ವಾರ ಮೊಬೈಲ್ ರಿಪೇರಿಯವನು ಮತ್ತೆ ಟೇಪು ಹಿಡಿದು ಬಂದ. "ಅಣ್ಣಾ, ಗಡುವು ಮುಗೀತು. ಯಾವಾಗ ಖಾಲಿ ಮಾಡ್ತೀರಾ?"

"ನಿನ್ನ ತಲೆ ಅಳತೆ ಬೇಕಾದ್ರೆ ತಗೋತೀನಿ, ಅಂಗಡಿ ಅಳತೆ ಕೊಡಲ್ಲ. ಕೂತ್ಕೋ" ಎಂದು ಕತ್ತರಿಯಣ್ಣ ಅವನನ್ನು ಕುರ್ಚಿಗೆ ತಳ್ಳಿದ.

ಪಾಪ, ಅವನು ನಿರಾಸೆಯಲ್ಲೂ ನಕ್ಕು ಕೂತ. ಇಡೀ ದಿನ ಬಗ್ಗಿ ಕೆಲಸ ಮಾಡಿ ಅವನ ಕತ್ತು ಎರಡು ದಿನದಿಂದ ಹಿಡಿದುಕೊಂಡಿತ್ತು. ಅದನ್ನು ಕೇಳಿದ್ದೇ ತಡ, ಕತ್ತರಿಯಣ್ಣನಿಗೆ ಉಪಕಾರ ಮಾಡುವ ಹುಮ್ಮಸ್ಸು ಉಕ್ಕಿತು. ಜೇಬಿನಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದು, "ತಗೋ, ಇದು ಅಮೃತ. ರಾತ್ರಿಗೊಂದು ನುಂಗು" ಎಂದು ಎರಡು ಮಾತ್ರೆ ಕಿತ್ತು ಅವನ ಅಂಗೈಗೆ ಹಾಕಿಯೇಬಿಟ್ಟ.

ಕೆಲಸಕ್ಕೆ ಹೊರಟಿದ್ದ ನರ್ಸಕ್ಕ ಬಾಗಿಲಲ್ಲೇ ಇದನ್ನು ನೋಡಿದರು. ನೇರವಾಗಿ ಒಳಗೆ ಬಂದು ಆ ಎರಡು ಮಾತ್ರೆಗಳನ್ನು ವಾಪಸು ತೆಗೆದುಕೊಂಡರು.

"ಅಣ್ಣಾ! ಒಬ್ಬರಿಗೆ ಬರೆದ ಮಾತ್ರೆ ಇನ್ನೊಬ್ಬರಿಗೆ ಕೊಡಬಾರದು. ಇವನ ಹೃದಯ ಹೇಗಿದೆ, ಬೇರೆ ಏನು ಮಾತ್ರೆ ತಗೋತಾನೆ, ನಿಮಗೇನು ಗೊತ್ತು? ಎಲ್ಲಾ ನೋವಿಗೂ ಇದು ಮದ್ದಲ್ಲ. ಎರಡು ದಿನದ ಕತ್ತುನೋವಿಗೆ ಇದು ಬೇಕಾಗೇ ಇಲ್ಲ."

"ಮತ್ತೆ ನಾನು ಜನಕ್ಕೆ ಏನು ಕೊಡಲಿ?" ಎಂದು ಕೇಳಿದ ಕತ್ತರಿಯಣ್ಣ, ನಿಜವಾಗಿಯೂ ಪೆಚ್ಚಾಗಿ.

"ಮಾತು ಕೊಡಿ. ಅದಕ್ಕೇನು ನಿಮ್ಮ ಹತ್ರ ಬರವಾ?"

ಬೆಂಚಿನಲ್ಲಿ ಅವತ್ತು ನಾಲ್ಕು ಜನರಿದ್ದರು. ಕತ್ತರಿಯಣ್ಣ ಕತ್ತರಿ ಕೆಳಗಿಟ್ಟ. ಬೇರೆಯವರ ಗುಟ್ಟನ್ನು ಹಂಚುವಾಗ ಒಮ್ಮೆಯೂ ತಡವರಿಸದ ನಾಲಿಗೆ, ತನ್ನದನ್ನು ಹೇಳುವಾಗ ತಡವರಿಸಿತು. "ನೋಡಿ... ನಂಗೆ ನರದ ನೋವು. ಅದಕ್ಕೆ ಡಾಕ್ಟರು ಖಿನ್ನತೆಗೆ ಕೊಡೋ ಮಾತ್ರೆ ಕೊಟ್ಟಿದಾರೆ. ದಿನಾ ತಗೋತೀನಿ. ಅದರಿಂದಾನೇ ಇವತ್ತು ಇಲ್ಲಿ ನಿಂತಿದೀನಿ. ಹೆದರಿಕೆ ಇದ್ದೋರು ದೊಡ್ಡ ರಸ್ತೆ ಸಲೂನಿಗೆ ಹೋಗಬಹುದು."

ಯಾರೂ ಏಳಲಿಲ್ಲ. ಮೊಬೈಲ್ ರಿಪೇರಿಯವನು ಅರ್ಧ ಕತ್ತರಿಸಿದ ತಲೆಯಲ್ಲಿ ಎಲ್ಲಿಗೆ ಹೋದಾನು? ಆಮೇಲೆ ಬೆಂಚಿನ ತುದಿಯಲ್ಲಿದ್ದ ಹಿರಿಯರೊಬ್ಬರು ಪತ್ರಿಕೆ ಮಡಚಿ, ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: "ನಮ್ಮ ಮನೆಯವಳಿಗೆ ಎರಡು ವರ್ಷದಿಂದ ಮೈಯೆಲ್ಲ ನೋವು. ಯಾರೂ ನಂಬಲ್ಲ. ನಾನೂ ನಂಬಿರಲಿಲ್ಲ. ಆ ಡಾಕ್ಟರಮ್ಮ ಯಾವ ದಿನ ಸಿಗ್ತಾರಪ್ಪಾ?"

ಬಂಧುಗಳೇ, ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇರಬಹುದು. ಮೂರು ತಿಂಗಳು ಕಳೆದರೂ ಬಿಡದ ನೋವು, ಉರಿ, ಚುಚ್ಚು ಇದ್ದರೆ ನುಂಗಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಅವರು ಖಿನ್ನತೆಯ ಮಾತ್ರೆ ಬರೆದರೆ, ನಿಮ್ಮ ನೋವು ಸುಳ್ಳು ಎಂದು ಅದರ ಅರ್ಥವಲ್ಲ. ಯಾಕೆ ಕೊಟ್ಟಿರಿ, ಹೇಗೆ ತೆಗೆದುಕೊಳ್ಳಲಿ, ಏನೇನು ತೊಂದರೆ ಆಗಬಹುದು ಎಂದು ಅಲ್ಲೇ ಕೇಳಿ. ಹೇಳಿದಷ್ಟನ್ನೇ, ಹೇಳಿದ ಹೊತ್ತಿಗೆ, ದಿನವೂ ತೆಗೆದುಕೊಳ್ಳಿ. ಕೆಲವು ವಾರ ತಾಳ್ಮೆ ಇರಲಿ. ನೀವಾಗಿಯೇ ನಿಲ್ಲಿಸಬೇಡಿ, ಬೇರೆಯವರಿಗೆ ಕೊಡಬೇಡಿ.

ಇನ್ನು, ನಿಮ್ಮ ನೆರೆಯವರೋ ಗೆಳೆಯರೋ ತಾವು ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆ ಎಂದು ನಿಮ್ಮನ್ನು ನಂಬಿ ಹೇಳಿದರೆ, ದಯವಿಟ್ಟು ನಗಬೇಡಿ. ಆ ಮಾತನ್ನು ಬೇರೆಯವರಿಗೆ ದಾಟಿಸಬೇಡಿ. ಪಕ್ಕದಲ್ಲಿ ಕೂತು, "ಈಗ ನೋವು ಹೇಗಿದೆ?" ಎಂದು ಕೇಳಿ.